ಸಾತವ್ವನ ಉಡಿ

ಎಂಟುನೂರು ಮೀಟರ್ ಓಟದಲ್ಲಿ ಖಾನಾಪುರದ ಸಾತವ್ವ ಮೊದಲು, ಬೆಳಗಾವಿಯ ಶುಭದಾ, ಅಂದರೆ ನಾನು, ಎರಡನೆಯವಳು. ಕಾಲೇಜಿನ ಮೂರು ವರ್ಷವೂ ಇದೇ ಕ್ರಮ. ಹೊಟ್ಟೆಕಿಚ್ಚಿಗೆ ಅವಳ ಹಾಸ್ಟೆಲಿನಲ್ಲೇ ಕೂತು ಅವಳ ದಪ್ಪ ದನಿಯ ಅಣಕು ಮಾಡಿ ಹುಡುಗಿಯರನ್ನು ನಗಿಸುತ್ತಿದ್ದೆ.

ಆ ನಗೆ ಆಯ್ಕೆ ಸಮಿತಿಯವರೆಗೂ ಹೋಯಿತು. ಡಾಕ್ಟರಿಂದ ಅವಳ ತಪಾಸಣೆಯಾಯಿತು. ಸಾತವ್ವ ಹೆಣ್ಣಾಗಿಯೇ ಬೆಳೆದವಳು. ಆದರೆ ಅವಳ ದೇಹ ಹುಟ್ಟಿನಿಂದಲೇ ಹೆಣ್ಣು, ಗಂಡು ಎಂಬ ಎರಡು ಖಾನೆಗಳಲ್ಲಿ ಒಂದಕ್ಕೂ ಪೂರ್ತಿ ಸೇರುತ್ತಿರಲಿಲ್ಲ. ಅದು ಅವಳಿಗೂ ಅಂದೇ ಗೊತ್ತಾಯಿತು. ಇಂಥದ್ದಕ್ಕೆ ಸಮಿತಿಯ ಬಳಿ ನಿಯಮವಿರಲಿಲ್ಲ. ಎರಡನೆಯವಳಾದ ನಾನು ಆಕ್ಷೇಪಣೆಗೆ ಸಹಿ ಹಾಕಿದರೆ ಅವಳು ಹೊರಗೆ, ವಿಶ್ವವಿದ್ಯಾಲಯದ ತಂಡಕ್ಕೆ ನಾನು. ಅವಳ ಓಟ ನನ್ನ ಸಹಿಯ ಮೇಲೆ ನಿಂತಿತು.

ಆಸೆಯಿರಲಿಲ್ಲ ಎಂದರೆ ಸುಳ್ಳು. ಕೊನೆಯ ನೂರು ಮೀಟರಿನಲ್ಲಿ ಅವಳಿಗೆ ಬರುವ ಬಲ ನನಗೆ ಬಾರದು. ಅದು ನ್ಯಾಯವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೆ.

ಸಹಿಗೆ ಮೊದಲು ತಪ್ಪೊಪ್ಪಿಕೊಳ್ಳೋಣವೆಂದು ಖಾನಾಪುರಕ್ಕೆ ಹೋದೆ. ಎಲ್ಲ ಕೇಳಿ ಸಾತವ್ವ ಅಂದಳು, “ಅವ್ವ ಕೇಳಿಲ್ಲ. ನನ್ನ ದನಿ ಒಮ್ಮಿ ಮಾಡಿ ತೋರ್ಸು.”

ಮಾಡಿದೆ. ಸಾತವ್ವ ನಕ್ಕಳು. ನನಗೆ ಅಳು ಬಂತು.

ಅವಳ ತಾಯಿ ನಿಂಗವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತಂದು ನನ್ನ ಓಢಣಿಯಲ್ಲಿ ಉಡಿ ತುಂಬಿದಳು. ಹೆಣ್ಣುಮಕ್ಕಳಿಗೆ ಮಾತ್ರ ಸಲ್ಲುವ ಮರ್ಯಾದೆ ಅದು. “ಓಡಾಕ ಹೊಂಟಾಕಿ ನೀ. ಬರೇ ಉಡೀಲೆ ಕಳಸಬಾರದು, ತಂಗಿ.”

“ಸಾತವ್ವಗ, ಕಾಕು?”

ನಿಂಗವ್ವನ ಕೈ ನಿಂತಿತು. “ಡಾಕ್ಟರ್ ಹಂಗಂದ ಮ್ಯಾಲ... ತುಂಬಬೇಕೋ ಬ್ಯಾಡೋ, ತಿಳೀವಲ್ದವಾ.”

ಗೋಡೆಗೊರಗಿದ್ದ ಸಾತವ್ವ ನೆಲ ನೋಡಿದಳು. ಓಟದಲ್ಲಿ ಎಂದೂ ತಗ್ಗದ ತಲೆ ಅದು. ನಾನು ಎದ್ದು ನನ್ನ ಅಕ್ಕಿಯಲ್ಲಿ ಐದು ಬೊಗಸೆ ಅವಳ ಮಡಿಲಿಗೆ ಹಾಕಿದೆ. ಆರನೆಯದನ್ನು ನಿಂಗವ್ವ ತಾನೇ ಹಾಕಿ ಮಗಳ ಹಣೆಗೆ ಕುಂಕುಮ ಹಚ್ಚಿದಳು.

ಸೋಮವಾರ ಆಕ್ಷೇಪಣೆಯ ಹಾಳೆಯನ್ನು ಸಹಿಯಿಲ್ಲದೆ ವಾಪಸು ಕೊಟ್ಟೆ. ಕ್ರೀಡಾ ಶಿಕ್ಷಕರು ತಂಡದಲ್ಲಿ ಜಾಗ ಬೇಡವೇ ಎಂದು ಕೇಳಿದರು.

“ಬೇಕ್ರಿ ಸರ್, ಖರೇನ ಬೇಕು. ಓಡಿ ತಗೊಂತೀನಿ.”

ತೆಗೆದುಕೊಳ್ಳಲಾಗಲಿಲ್ಲ. ಮುಂದಿನ ಕೂಟದಲ್ಲೂ ಎರಡನೆಯವಳೇ ಆದೆ. ಆದರೆ ನನ್ನ ಜೀವಮಾನದಲ್ಲೇ ಅತಿ ವೇಗವಾಗಿ ಓಡಿದ್ದು ಅಂದು. ಅಷ್ಟು ಓಡಿಸಿದವಳು ಗೆರೆಯಾಚೆ ಏದುಸಿರು ಬಿಡುತ್ತ, ತಾನಿನ್ನೂ ಕುಡಿಯದ ನೀರನ್ನು ನನ್ನತ್ತ ಚಾಚಿ ನಿಂತಿದ್ದಳು.