ಎತ್ತು, ಎಮ್ಮೆ, ಹಂಡೆ, ಕೆಂಪ

"ಲೇ ಮಂಚ, ಹೆಳವನ ಎತ್ತು ಸಗಣಿ ಆಕೈತೆ, ಬಾಚ್ಲಾ. ಇಂಗ್ಲೀಸ್ನಾಗೆ ಬಾಚ್ತೀಯೋ, ಕನ್ನಡದಾಗೆ ಬಾಚ್ತೀಯೋ?"

ಜಗುಲಿಯ ಮೇಲಿದ್ದ ಪಟೇಲ ಜವರೇಗೌಡ ತನ್ನ ಮಾತಿಗೆ ತಾನೇ ನಕ್ಕ. ಮಂಚಯ್ಯ ಕನ್ನಡದಲ್ಲೇ ಬಾಚಿದ. ಹಾಸನದ ಹಾಸ್ಟೆಲಿನಲ್ಲಿದ್ದು ಓದಿ, ಲೋಯರ್ ಸೆಕೆಂಡರಿ ಫೇಲಾಗಿ, ಮೀಸೆಯೊಂದನ್ನು ಮಾತ್ರ ಪಾಸು ಮಾಡಿಕೊಂಡು ಕೇರಿಗೆ ಮರಳಿದವನು ಅವನು.

ಆ ಮೀಸೆಗೂ ಕಾರಣವಿತ್ತು. ಹಾಸ್ಟೆಲಿನ ಹುಡುಗರು ತಂತಮ್ಮ ತಾತಂದಿರನ್ನು ಹೊಗಳಿಕೊಳ್ಳುವಾಗ, ತಾತನ ಹೆಸರೇ ಗೊತ್ತಿಲ್ಲದ ಮಂಚಯ್ಯ, ತನ್ನ ಮುತ್ತಾತ ನರಸೀಪುರದ ಪಾಳೆಗಾರನ ದಂಡಿನಲ್ಲಿ ಕತ್ತಿ ಹಿಡಿದವನು ಎಂದುಬಿಟ್ಟಿದ್ದ. ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಅದಕ್ಕೊಪ್ಪುವ ಮೀಸೆ ಬಿಡದೆ ವಿಧಿಯಿರಲಿಲ್ಲ. ಮುತ್ತಾತನಿಗೆ ಕತ್ತಿ ಕೊಡುವುದು ಸುಲಭವಾಗಿತ್ತು. ಹೆಸರು ಎಲ್ಲಿಂದ ತರುವುದು? ಅವ್ವನನ್ನು ಕೇಳಿದರೆ, "ನಿಮ್ಮಪ್ಪ ಅವ್ರಪ್ಪನ್ನೇ ಮುದ್ಕ ಅಂತಿದ್ದ. ಎಸ್ರು ಕಟ್ಕಂಡು ಏನ್ ಮಾಡೀಯ, ಸೌದೆ ತಕಬಾ" ಎನ್ನುತ್ತಿದ್ದಳು.

ಜರ್ಮನ್ ಯುದ್ಧದ ಆ ವರ್ಷ ಸುಗ್ಗಿ ಮುಗಿಯುತ್ತಲೇ ಹೆಳವ ಗಂಗಯ್ಯ ಬಂದಿದ್ದ. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲು ಮನೆಗಳ ವಂಶವನ್ನು ಬೇರಿನಿಂದ ಹೇಳುವವನು. ಬೆಳಿಗ್ಗೆ ಕೆರೆಯಲ್ಲಿ ಅವನ ಎತ್ತಿನ ಮೈ ತೊಳೆದುಕೊಟ್ಟು ಮಂಚಯ್ಯ ಮೆಲ್ಲಗೆ ಕೇಳಿದ್ದ: "ಸಾಮಿ, ನಮ್ಮೋರ್ದೂ ಒಂದೀಟು ಯೋಳಿ."

"ನಿಮ್ದು ನಮ್ತಾವ ಎಲ್ಲೈತ್ಲಾ? ಕಾಳು ಕೊಟ್ಟ ಮನೆ ವಂಸ ಯೋಳೋರು ನಾವು. ಒಂದ್ಸಲ ರಾಶಿಗೆ ಕಾಳು ಬಿತ್ತೋ, ಆ ಮನೇದು ನಮ್ಮ ಮಕ್ಳು ಮರಿಗಂಟ ಯೋಳ್ಲೇಬೇಕು. ನಿಮ್ಮ ಕೇರಿ ಕಾಳು ಯಾವ ಹೆಳವ ಮುಟ್ಟಾನು?"

ಈಗ ಗೌಡನ ಅಂಗಳದಲ್ಲಿ ಕಂಬಳಿ ಹಾಸಿ ಹೆಳವನಿಗೆಂದು ರಾಗಿ ರಾಶಿ ಹಾಕಿದ್ದರು. ಎತ್ತಿನ ಮೇಲಿಂದಲೇ ಗಂಗಯ್ಯ ರಾಗವೆತ್ತಿದ. ಸಗಣಿ ಬುಟ್ಟಿ ಹಿಡಿದು ಮಂಚಯ್ಯ ಬೇಲಿಯ ಪಕ್ಕ ನಿಂತ.

"ಊರಿಗೆ ಮಾರಿ ಬಂತು ಗೌಡ, ಹೊಳೆಯಾಚೆ ಮನೆ ಬಿಟ್ರು ನಿಮ್ಮ ಹಿರೀಕ್ರು. ತಂದದ್ದೇನು? ಉಳೋ ಎತ್ತು ನಾಕು, ಕರೆಯೋ ಎಮ್ಮೆ ಎರಡು, ತಾಮ್ರದ ಹಂಡೆ ಒಂದು, ಆಳು ಕೆಂಪ ಒಬ್ಬ. ಹೇಮಾವತಿ ತುಂಬಿದ್ಲು. ಎತ್ತು ಹೋದ್ವು, ಎಮ್ಮೆ ಹೋದ್ವು. ಹಂಡೆ ಒಳಗೆ ಕೂಸು ಕೂರಿಸಿ, ತಲೆ ಮೇಲೆ ಹೊತ್ತು ಕೆಂಪ ದಡ ಸೇರಿದ. ಆ ಕೂಸೇ ನಿಮ್ಮ ತಾತ ಚಿಕ್ಕೇಗೌಡ!"

ಗೌಡ ತೊಡೆ ತಟ್ಟಿದ. "ಕೇಳ್ಸ್ಕಂಡೇನ್ಲಾ ಮಂಚ? ನಿಮ್ಮ ಮುತ್ತಾತ ಕಣ್ಲಾ ಅವ್ನು. ನಮ್ಮನೆ ಅಳೇ ಆಳು ಅಂದ್ರೆ ನಿಮ್ಮ ವಂಸ್ವೇ. ಎಮ್ಮೆ ಆದ್ಮೇಲೆ ಹಂಡೆ, ಹಂಡೆ ಆದ್ಮೇಲೆ ನೀವು!"

ಮಂಚಯ್ಯನ ಕೈ ಮೀಸೆಗೆ ಹೋಯಿತು. ಬೆರಳಲ್ಲಿ ಸಗಣಿಯಿದ್ದುದು ಆಮೇಲೆ ನೆನಪಾಯಿತು. ಕತ್ತಿಯೂ ಇಲ್ಲ, ದಂಡೂ ಇಲ್ಲ. ಪಾಳೆಗಾರನ ಮಾತಿರಲಿ, ಎಮ್ಮೆಯನ್ನೂ ಹಿಂದೆ ಹಾಕಲಾರದ ಮುತ್ತಾತ. ಹಾಸ್ಟೆಲಿನವರಿಗೆ ತಿಳಿದರೆ? ಆದರೂ ಹೆಸರು ಸಿಕ್ಕಿತ್ತು. ಹಂಡೆಯೂ ಸಿಕ್ಕಿತ್ತು: ಗೌಡನ ಬಚ್ಚಲಲ್ಲಿ ಇಂದಿಗೂ ನೀರು ಕಾಯುವುದು ಅದರಲ್ಲೇ. ಸೌದೆ ಒಡೆದು ಹಿತ್ತಿಲಲ್ಲಿ ಒಟ್ಟುವವನು ಮಂಚಯ್ಯ. ಒಳಗೆ ಹೋಗಿ ಮುಟ್ಟಿದನೋ, ಹಂಡೆಯನ್ನು ಹುಣಸೆ ಹುಳಿ ಹಾಕಿ ತಿಕ್ಕಬೇಕು.

ಬುಟ್ಟಿ ಅಲ್ಲೇ ಇಟ್ಟು ಕೇರಿಗೆ ನಡೆದ. ರಾಗಿ ಕೇರುತ್ತಿದ್ದ ಅವ್ವನ ಕೈಯಿಂದ ಮೊರ ಕಿತ್ತುಕೊಂಡ.

"ರಾತ್ರಿ ಮುದ್ದೆಗೆ ಮಡಗಿದ್ದು ಕಣ್ಲಾ, ಮುಂಡೇದೆ!"

"ಮುತ್ತಾತನ ಎಸ್ರು ಸಿಕ್ತು ಕಣವ್ವ. ಕೆಂಪ."

"ಅವ್ನು ಬಂದು ಇಟ್ಟು ಉಣ್ತಾನಾ?"

ಗೌಡನ ಅಂಗಳಕ್ಕೆ ವೀರನಂತೆ ನಡೆದುಹೋಗಬೇಕೆಂದುಕೊಂಡಿದ್ದ. ಕಲ್ಲೆಡವಿ ಅರ್ಧ ರಾಗಿ ದಾರಿಯಲ್ಲೇ ಚೆಲ್ಲಿತು. ಕೋಳಿಗಳು ಹಿಂದೆ ಬಿದ್ದವು. ಅವನ ದಂಡು ಅಷ್ಟೇ.

"ನಮ್ಮ ಕೆಂಪನ್ನ ಯೋಳಿದ್ರಲ್ಲ ಸಾಮಿ, ತಕಳಿ ನಮ್ಮನೆ ಕಾಳು" ಎಂದು ಗೌಡನ ರಾಶಿಯ ಮೇಲೇ ಸುರಿದುಬಿಟ್ಟ.

"ಸೂಳೆಮಗನೆ!" ಗೌಡ ಧಡಕ್ಕನೆ ಎದ್ದ. "ಆಯ್ದು ತೆಗಿಯೋ! ಒಂದೊಂದು ಕಾಳೂ ಆಯ್ದು ತೆಗಿ!"

"ನಿಮ್ದು ಯಾವ್ದು, ನಮ್ದು ಯಾವ್ದು ತೋರ್ಸಿ ಬುದ್ಧಿ, ಆಯ್ತೀನಿ."

ಗೌಡ ನಿಜಕ್ಕೂ ಬಗ್ಗಿ ನೋಡಿದ. ಆಮೇಲೆ ದೊಣ್ಣೆಗೆ ಕೂಗಿದ. ಗಂಗಯ್ಯ ಇಳಿಯಲೂ ಇಲ್ಲ, ಹೊರಡಲೂ ಇಲ್ಲ. ರಾಶಿ ಬಿಟ್ಟರೆ ಹೊಟ್ಟೆಗಿಲ್ಲ. ಎತ್ತಿಕೊಂಡರೆ ಕೇರಿಯ ವಂಶವನ್ನು ಹೇಳುತ್ತ ತಿರುಗಬೇಕು. ಅವನ ಎತ್ತಿಗೆ ಆ ಯೋಚನೆಯಿರಲಿಲ್ಲ. ಮೊದಲ ಏಟು ಬೀಳುವಾಗ ಅದು ಕತ್ತು ಚಾಚಿ ರಾಶಿಗೆ ಬಾಯಿ ಹಾಕಿತು.

ಮಂಚಯ್ಯ ಎರಡೂ ಕೈಯಲ್ಲಿ ಮೊರವನ್ನು ತಲೆಯ ಮೇಲೆ ಹಿಡಿದುಕೊಂಡ.

"ಯೋಳಿ ಸಾಮಿ," ಅದರಡಿಯಿಂದಲೇ ಕೂಗಿದ, "ಕೆಂಪನ ಮಗ ಯಾರು?"