ಅಮ್ಮನ ಹೆಸರಿನ ಖಾಲಿ ಜಾಗ

ನಮ್ಮ ತಾಕ್ ಮನೆತನದ ಹಿರಿಯರಿಗೆ ಒಂದು ಹೆಸರು ಆರಿಸಲು ಆರು ತಿಂಗಳು ಸಾಲಲಿಲ್ಲ. ಕೊರಿಯಾದ ಪ್ರತಿ ಮನೆಯೂ ಜಪಾನಿ ಮನೆಹೆಸರು ಇಟ್ಟುಕೊಂಡು ಆಗಸ್ಟ್ ಹತ್ತರೊಳಗೆ ಬರೆಸಬೇಕೆಂದು ನಮ್ಮನ್ನು ಆಳುತ್ತಿದ್ದ ಜಪಾನಿ ಸರ್ಕಾರ 1940ರ ಫೆಬ್ರವರಿಯಲ್ಲೇ ಸಾರಿತ್ತು. ಹಿರಿಯರು ವಾರಕ್ಕೊಮ್ಮೆ ಸೇರಿದರು, ಅಕ್ಕಿಯ ಹೆಂಡ ಕುಡಿದರು, ಪೂರ್ವಜರನ್ನು ನೆನೆದು ಅತ್ತರು, ಕೊನೆಗೆ ಜಗಳವಾಡಿಕೊಂಡು ಎದ್ದು ಹೋದರು. ಆಗಸ್ಟ್ ಒಂಬತ್ತರ ಸಂಜೆ ಅವರಿಗೆ ಜ್ಞಾನೋದಯವಾಯಿತು. ನಮ್ಮ ಮೂಲ ಊರಿನ ಹೆಸರನ್ನೇ ಜಪಾನಿಯಲ್ಲಿ ಓದಿ ‘ಮಿತ್ಸುಯಾಮ’ ಎಂದು ಇಟ್ಟುಕೊಳ್ಳುವುದಂತೆ. ಮರುದಿನ ಶನಿವಾರ. ಶನಿವಾರ ಹೆಸರು ಬರೆಸುವ ಸರ್ಕಾರಿ ಕಚೇರಿಯ ಬಾಗಿಲು ಮಧ್ಯಾಹ್ನ ಹನ್ನೆರಡಕ್ಕೇ ಮುಚ್ಚುತ್ತದೆ. ಅದನ್ನು ನಾನು ಹೇಳಿದರೆ, ಹೆಣ್ಣುಮಕ್ಕಳು ಮಧ್ಯೆ ಬಾಯಿ ಹಾಕಬಾರದು ಎಂದರು.

ಬಾಯಿ ಹಾಕದೆ ಏನು ಮಾಡಲಿ? ಹೋಗುವುದು ನನ್ನ ಕುರ್ಚಿ. ತೊಂಗ್ಯೊಂಗ್ ಅಂಚೆ ಕಚೇರಿಯ ಟೆಲಿಫೋನ್ ವಿಭಾಗದಲ್ಲಿ ಎರಡು ವರ್ಷದಿಂದ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಲೈನು ಜೋಡಿಸುತ್ತಿದ್ದೆ. ಅಲ್ಲಿನ ಜಪಾನಿ ಮೇಲ್ವಿಚಾರಕನ ಬಾಯಲ್ಲಿ ನನ್ನ ಹೆಸರು ತಿರುಗುತ್ತಿರಲಿಲ್ಲ. ‘ಏಳನೇ ನಂಬರ್’ ಎಂದೇ ಕರೆಯುತ್ತಿದ್ದ. ಸೋಮವಾರ ಹೊಸ ಹೆಸರಿನ ಪತ್ರ ತರದಿದ್ದರೆ ಏಳನೇ ನಂಬರ್ ಕುರ್ಚಿಯಲ್ಲಿ ಬೇರೆ ಹುಡುಗಿ ಕೂರುತ್ತಾಳೆ ಎಂದೂ ಹೇಳಿದ್ದ. ಕುರ್ಚಿ ಹೋದರೆ ಮುಂದೇನು ಎಂಬುದೂ ಗೊತ್ತಿದ್ದದ್ದೇ. ಮೂರು ಮಕ್ಕಳ ತಂದೆ, ಹೆಂಡತಿ ಸತ್ತ ಅಕ್ಕಿ ಗಿರಣಿಯವನ ಕಡೆಯಿಂದ ಮದುವೆ ದಲ್ಲಾಳಿ ಹೆಂಗಸು ಆಗಲೇ ಎರಡು ಸಲ ಬಂದು ಹೋಗಿದ್ದಳು.

ಇನ್ನು ನನ್ನ ಹೆಸರಿನ ಕತೆ. ಮಲ್ಸುನ್. ಅಂದರೆ ಕೊನೆಯವಳು, ಹೆಣ್ಣು ಹುಟ್ಟಿದ್ದು ಸಾಕು ಎಂದು. ನಾನು ಮೂರನೆಯ ಹೆಣ್ಣು, ಅಕ್ಕಂದಿರಿಬ್ಬರೂ ಮದುವೆಯಾಗಿ ಹೋಗಿದ್ದರು. ಅಪ್ಪ ಬೇಸರದಿಂದ ಇಟ್ಟ ಹೆಸರು ಅದು ಎಂದು ಏಳನೇ ವಯಸ್ಸಿನಲ್ಲೇ ಅರ್ಥವಾಗಿತ್ತು, ಅಂದಿನಿಂದ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. ಅಮ್ಮನೋ, ದಿನಕ್ಕೆ ನಲವತ್ತು ಸಲ ಅಂಗಳದಲ್ಲಿ ನಿಂತು ಬಂದರಿನ ದೋಣಿಯವರಿಗೂ ಕೇಳುವ ಹಾಗೆ ‘ಮಲ್ಸುನ್! ಮಲ್ಸುನ್!’ ಎಂದು ಕೂಗುತ್ತಿದ್ದಳು. ಓಡಿ ಬಂದು ಏನು ಎಂದರೆ, ಏನಿಲ್ಲ ಹೋಗು ಎನ್ನುತ್ತಿದ್ದಳು. ತಲೆ ಚಿಟ್ಟು ಹಿಡಿಯುತ್ತಿತ್ತು.

ಹಾಗಾಗಿ ನನ್ನದೊಂದು ಗುಟ್ಟಿನ ಅರ್ಜಿಯೂ ಸಿದ್ಧವಿತ್ತು. ಮನೆಹೆಸರಿನ ಜೊತೆಗೆ ನನ್ನ ಹೆಸರನ್ನೂ ‘ಯೂರಿಕೋ’ ಎಂದು ಬದಲಿಸಿಕೊಡಿ ಎಂದು ಬರೆದಿಟ್ಟುಕೊಂಡಿದ್ದೆ. ಜಪಾನಿನ ಮೇಲಿನ ಪ್ರೀತಿಯಿಂದಲ್ಲ. ಆ ಸರ್ಕಾರ ನಮ್ಮಿಂದ ಎಲ್ಲವನ್ನೂ ಕಿತ್ತುಕೊಳ್ಳುತ್ತಿತ್ತು, ಇದೊಂದನ್ನು ನಾನಾಗಿಯೇ ಬಿಸಾಡಲು ತಯಾರಿದ್ದೆ ಅಷ್ಟೆ. ಮನೆತನದ ಮಾನ ಎಂದು ಎದೆ ಬಡಿದುಕೊಳ್ಳುತ್ತಿದ್ದ ಹಿರಿಯರ ಹನ್ನೆರಡು ಸಂಪುಟದ ವಂಶಾವಳಿಯಲ್ಲಿ ನಾನೆಲ್ಲಿದ್ದೇನೆ ಎಂದು ಒಮ್ಮೆ ಕೇಳಿದ್ದೆ. “ನಿನ್ ಗಂಡ ಬರ್ಲಿ, ಅವನ ಹೆಸರು ಬರೀತೀವಿ” ಎಂದರು. ನಾನು ಇಲ್ಲದ ಪುಸ್ತಕಕ್ಕಾಗಿ ನಾನೇಕೆ ಅಳಲಿ?

ಶನಿವಾರ ಬೆಳಿಗ್ಗೆ ಅಪ್ಪ ಟೋಪಿ ಕಟ್ಟಿಕೊಳ್ಳಲು ಕೂತರು. ಕುದುರೆ ಕೂದಲಿನ ಅಗಲ ಅಂಚಿನ ಕರಿ ಟೋಪಿ ಹೆಣೆಯುವುದೇ ಅವರ ಕಸುಬು. ಈಗ ಕೊಳ್ಳುವವರಿಲ್ಲ, ಆದರೂ ತಾವು ಹೆಣೆದದ್ದರಲ್ಲಿ ಅತ್ಯಂತ ಒಳ್ಳೆಯದನ್ನೇ ತೆಗೆದು, ಗಲ್ಲದ ಕೆಳಗಿನ ದಾರವನ್ನು ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ ಒಂದು ಗಂಟೆ ಕಳೆದರು. ಮನೆಯವರೆಲ್ಲ ಬರಬೇಕೆಂದು ಕಚೇರಿಯವರು ಹೇಳಿದ್ದರಿಂದ ಅಮ್ಮನೂ ಗಂಜಿ ಹಾಕಿದ ಬಿಳಿ ಉಡುಪು ತೊಟ್ಟು ಹೊರಟಳು. ನಾನು ಮುಂದೆ ಓಡುತ್ತಿದ್ದೆ, ಅವರಿಬ್ಬರೂ ಹೆಣದ ಮೆರವಣಿಗೆಗೆ ಬಂದವರಂತೆ ನಿಧಾನವಾಗಿ ನಡೆಯುತ್ತಿದ್ದರು.

ಕಚೇರಿಯಲ್ಲಿ ಸಾಲು ಬೀದಿಯವರೆಗೆ ಇತ್ತು. ನಮ್ಮ ಸರದಿ ಬಂದಾಗ ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ. ಗುಮಾಸ್ತ ನಮ್ಮ ಕೇರಿಯವನೇ, ಮೂಲಂಗಿ ಮಾರುತ್ತಿದ್ದ ಬೇ ಮನೆತನದ ಮುದುಕನ ಮಗ. ಮಾರ್ಚ್‌ನಲ್ಲೇ ಮತ್ಸುದಾ ಆಗಿದ್ದ.

“ಯಜಮಾನ್ರೇ, ಕಚೇರಿ ಒಳಗೆ ಟೋಪಿ ತೆಗೀಬೇಕು. ಮರ್ಯಾದೆ” ಎಂದ.

“ಟೋಪಿ ಇಟ್ಕೊಂಡಿರೋದೇ ಮರ್ಯಾದೆಗೆ” ಎಂದರು ಅಪ್ಪ. “ಬರೀ ತಲೇಲಿ ಇನ್ನೊಬ್ಬರ ಮುಂದೆ ನಿಲ್ಲೋಕೆ ನಾನೇನು ಸ್ನಾನಕ್ಕೆ ಬಂದಿದೀನಾ?”

ಐದು ನಿಮಿಷ ಆ ಟೋಪಿಯ ಮೇಲೆ ಹೋಯಿತು. “ಇರ್ಲಿ ಬಿಡಪ್ಪ, ಟೋಪಿಗೂ ಒಂದು ಹೆಸರು ಬರ್ಕೋ” ಎಂದು ಹಿಂದಿನಿಂದ ಯಾರೋ ಕೂಗಿದ ಮೇಲೆ ಮತ್ಸುದಾ ಕಾಗದ ಎಳೆದುಕೊಂಡ. ಅಪ್ಪ ಜಪಾನಿ ಅಕ್ಷರ ಮುಟ್ಟುವುದಿಲ್ಲವೆಂದು ಪಣ ತೊಟ್ಟಿದ್ದರು, ಆದ್ದರಿಂದ ಬರೆಯುವವಳು ನಾನು. ಅಪ್ಪನ ಸಾಲು ತುಂಬಿಸಿದೆ. ನನ್ನ ಸಾಲಿನಲ್ಲಿ ಯೂರಿಕೋ ಎಂದು ಬರೆದು, ಅರ್ಜಿಯನ್ನು ಕೆಳಗೆ ಸೇರಿಸಿದೆ. ಅಪ್ಪನಿಗೆ ಜಪಾನಿ ಓದಲು ಬರುತ್ತಿರಲಿಲ್ಲ, ನೆಮ್ಮದಿ.

“ಏನಮ್ಮ, ಯೂರಿಕೋನಾ?” ಎಂದು ಮತ್ಸುದಾ ಗಟ್ಟಿಯಾಗಿ ಓದಿಬಿಟ್ಟ. “ಮಲ್ಸುನ್ ಬೇಡ್ವಾ?”

“ಬೇಡ” ಎಂದೆ. ಅಪ್ಪ ಟೋಪಿಯ ಅಂಚಿನಡಿಯಿಂದ ನನ್ನನ್ನೊಮ್ಮೆ ನೋಡಿದರು. ಅಮ್ಮ ನೋಡಲಿಲ್ಲ.

“ಇನ್ನು ನಿಮ್ಮಮ್ಮ. ಮಿತ್ಸುಯಾಮ, ಆಮೇಲೆ?”

“ಮಿತ್ಸುಯಾಮ ಯಾರು?” ಎಂದಳು ಅಮ್ಮ.

“ನೀವೇ. ಇನ್ಮೇಲೆ ಒಂದು ಮನೇಲಿರೋರಿಗೆಲ್ಲ ಒಂದೇ ಮನೆಹೆಸರು.”

“ನಾನು ಕೂ ಮನೆತನದ ಹೆಣ್ಣು ಕಣೋ. ಸತ್ರೂ ಕೂ.”

“ಆಗಿದ್ರಿ. ಈಗಿಲ್ಲ.”

“ಥೂ ನಿನ್ನ! ಒಂದೇ ಮನೆಹೆಸರಿನ ಗಂಡು ಹೆಣ್ಣು ಸಂಸಾರ ಮಾಡೋದುಂಟಾ? ಅಣ್ಣ ತಂಗಿ ಆದ್ವಲ್ಲೋ! ಮೂವತ್ತು ವರ್ಷ ಆದ್ಮೇಲೆ ಈ ಮುದುಕನ್ನ ಅಣ್ಣಾ ಅಂತ ಕರೀಲಾ? ಮೂರು ಮಕ್ಕಳಿಗೆ ಏನು ಹೇಳ್ಲಿ?”

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ನಗುತ್ತಿದ್ದ ಹೆಂಗಸರಲ್ಲಿ ಕೆಲವರು ತಮ್ಮ ಗಂಡಂದಿರ ಕಡೆ ನೋಡಿ ತಟ್ಟನೆ ಸುಮ್ಮನಾದರು. ಮದುವೆಯಾದರೂ ತಂದೆಯ ಮನೆಹೆಸರನ್ನು ಗೋರಿಯವರೆಗೆ ಒಯ್ಯುವವರು ನಮ್ಮ ಹೆಂಗಸರು. ಆರು ತಿಂಗಳು ಹಿರಿಯರು ಅತ್ತರಲ್ಲ, ಈ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಗಡಿಯಾರ ಹನ್ನೊಂದು ನಲವತ್ತೈದು. ನನಗೆ ಕೂಗಿಬಿಡಬೇಕು ಅನ್ನಿಸಿತು.

ಮತ್ಸುದಾ ಹಳೆಯ ದಾಖಲೆ ತಿರುವಿ ಹಣೆ ಚಚ್ಚಿಕೊಂಡ. “ಇನ್ನೊಂದು ತಾಪತ್ರಯ. ಇಲ್ಲಿ ನಿಮ್ಮಮ್ಮನ ಜಾಗದಲ್ಲಿ ‘ಕೂ ಮನೆಯ ಹೆಣ್ಣು’ ಅಂತಷ್ಟೇ ಇದೆ. ಈಗ ಕೂ ಹೋಯ್ತು. ಉಳಿದಿದ್ದು ‘ಹೆಣ್ಣು’. ಹಾಗೆ ಬರೆದು ಕಳಿಸಿದ್ರೆ ಮೇಲಿನವರು ನನ್ನ ಕತ್ತು ಹಿಡೀತಾರೆ. ಯಜಮಾನ್ರೇ, ನಿಮ್ಮ ಹೆಂಡ್ತಿ ಹೆಸರೇನು?”

“ಕೊಸೊಂಗ್‌ನವಳು” ಎಂದರು ಅಪ್ಪ.

“ಅದು ಅವರ ತವರೂರು.”

ಅಪ್ಪ ಯೋಚಿಸಿದರು. “ಮಲ್ಸುನ್ ಅಮ್ಮ.”

“ಅದು ನಿಮ್ಮ ಮಗಳು!”

ಅಪ್ಪನ ಮೇಲೆ ನನಗೆ ಮೈ ಉರಿಯಿತು. ಮೂವತ್ತು ವರ್ಷ ‘ಇಲ್ನೋಡು’ ಎಂದು ಕರೆದೇ ಬಾಳುವೆ ಮಾಡಿದ ಗಂಡಸು! ಬಯ್ಯಲು ಬಾಯಿ ತೆರೆದೆ. ಆಗ ಹೊಳೆಯಿತು, ನನಗೂ ಗೊತ್ತಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ.

“ಹನಾಕೋ ಅಂತ ಬರೀರಿ” ಎಂದ ಮತ್ಸುದಾ. “ಬೆಳಿಗ್ಗೆಯಿಂದ ಹದಿನಾಲ್ಕು ಜನ ಹನಾಕೋ ಆಗಿದಾರೆ, ಇವರೂ ಆಗ್ಲಿ. ಹತ್ತು ನಿಮಿಷ ಇದೆ. ಒಂದು ಜಾಗ ಖಾಲಿ ಇದ್ರೂ ನಾನು ಮೊಹರು ಹಾಕಲ್ಲ.”

“ಅಮ್ಮಾ, ದಮ್ಮಯ್ಯ, ಏನಾದ್ರೂ ಒಂದು ಹೇಳು” ಎಂದೆ. “ತವರಲ್ಲಿ ಏನಂತ ಕರೀತಿದ್ರು?”

“ಮಲ್ಸುನ್” ಎಂದಳು.

“ನನ್ನದಲ್ಲಮ್ಮ, ನಿನ್ನದು ಕೇಳ್ತಿರೋದು!”

“ನಂದೇ ಹೇಳ್ತಿರೋದು. ನಾನು ಐದನೇ ಹೆಣ್ಣು. ಹದಿನೈದಕ್ಕೆ ಈ ಮನೆಗೆ ಬಂದೆ. ಆಮೇಲೆ ಒಬ್ರೂ ಆ ಹೆಸರು ಹಿಡಿದು ಕರೀಲಿಲ್ಲ.”

ನಾನು ಅಪ್ಪನ ಕಡೆ ತಿರುಗಿದೆ. “ನೀವಿಟ್ಟ ಹೆಸರಲ್ವಾ ಅದು?”

“ನಾನೆಲ್ಲಿಟ್ಟೆ? ಬಾಣಂತಿ ಕೋಣೆಯಿಂದ ಇವಳು ಹೇಳಿ ಕಳಿಸಿದ್ಲು, ನಾನು ಬರೆಸಿ ಬಂದೆ.”

“ನಿಂಗೆ ಕೊಡೋಕೆ ನನ್ಹತ್ರ ಇನ್ನೇನಿತ್ತು?” ಎಂದಳು ಅಮ್ಮ, ನನ್ನನ್ನೇ ಗದರಿಸುವ ದನಿಯಲ್ಲಿ. “ನಿಂಗಿಟ್ರೆ ದಿನಾ ಅಂಗಳದಲ್ಲಿ ನಿಂತು ಕರೀಬಹುದಲ್ಲ ಅಂದ್ಕೊಂಡೆ. ಸುಮ್ನೆ ಕಿವಿಗೆ ಬೀಳ್ತಾ ಇರ್ಲಿ ಅಂತ.”

ಇಷ್ಟು ವರ್ಷ ಬಾಯಿ ಬಿಡದೆ, ಇವತ್ತು, ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ಹೇಳಬೇಕೇ? ಸಿಟ್ಟಿಗೋ ನಾಚಿಕೆಗೋ ನನ್ನ ಕಿವಿಯೆಲ್ಲ ಬಿಸಿಯಾಯಿತು.

“ಒಂದೇ ಮನೇಲಿ ಇಬ್ರಿಗೆ ಒಂದೇ ಹೆಸರು ಆಗಲ್ಲ” ಎಂದ ಮತ್ಸುದಾ, ಈಗ ಸ್ವಲ್ಪ ಮೆತ್ತಗೆ. “ಯಾರಿಗೆ ಬರೀಬೇಕು?”

ನನಗೇ ಇರಲಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಮ್ಮ ಹೇಳಿದಳು, “ಇವಳು ಬೇಡ ಅಂದ್ಲಲ್ಲ. ನಂಗೇ ವಾಪಸ್ ಬರೀರಿ.”

ಆ ಮಾತಿನಲ್ಲಿ ಕುಟುಕಿರಲಿಲ್ಲ. ಮಗಳು ತಟ್ಟೆಯಲ್ಲಿ ಬಿಟ್ಟ ಬಾರ್ಲಿ ಅನ್ನವನ್ನು ತನ್ನ ಬಟ್ಟಲಿಗೆ ಹಾಕಿಕೊಳ್ಳುವಾಗ ಮಾತಾಡುವ ಹಾಗೆ ಹೇಳಿದ್ದಳು. ಅದಕ್ಕೇ ಹೆಚ್ಚು ಉರಿಯಿತು. ಖಾಲಿ ಜಾಗದಲ್ಲಿ ನನ್ನ ಕೈಯಿಂದಲೇ ಮಲ್ಸುನ್ ಎಂದು ಬರೆದೆ. ಹನ್ನೆರಡರ ಸೈರನ್ ಕೂಗುವಾಗ ಮೊಹರು ಬಿತ್ತು. ಕುರ್ಚಿ ಉಳಿಯಿತು. ಏಳನೇ ವಯಸ್ಸಿನಿಂದ ಕೇಳಿಕೊಂಡದ್ದೂ ಸಿಕ್ಕಿತು. ದಾರಿಯುದ್ದಕ್ಕೂ ಯಾರನ್ನಾದರೂ ಹಿಡಿದು ಬಯ್ಯಬೇಕು ಅನ್ನಿಸುತ್ತಿತ್ತು, ಯಾರನ್ನು ಎಂದು ತಿಳಿಯಲಿಲ್ಲ.

ಮನೆಯಲ್ಲಿ ಅಪ್ಪ ಟೋಪಿ ಬಿಚ್ಚಿಟ್ಟು ಮಲಗಿದರು. ನಾನು ಹಿಂಬದಿಯ ಸೋಯಾ ಜಾಡಿಗಳ ನಡುವೆ ಹೋಗಿ ಕೂತೆ. ಅಂಗಳ ಸದ್ದಿಲ್ಲದೆ ಇತ್ತು. ಅಮ್ಮ ಕರೆಯುತ್ತಿರಲಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ ಬಂದಳು, ನಿಂತಳು, “ಯೂ...” ಎಂದಳು, ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಒಳಗೆ ಹೋದಳು. ಮತ್ತೆ ಬಂದಳು. ನಾನು ಉಸಿರು ಹಿಡಿದು ಕೂತಿದ್ದೆ.

“ಮಲ್ಸುನ್!” ಎಂದು ಕೊನೆಗೆ ಬಂದರಿನವರೆಗೆ ಕೇಳುವ ಹಾಗೆ ಕೂಗಿದಳು.

“ಅದೀಗ ನಿಂದು!” ಎಂದು ಕಿರುಚಿದೆ. “ವಾಪಸ್ ಈಸ್ಕೊಂಡ್ಯಲ್ಲ, ನನ್ನನ್ಯಾಕೆ ಕರೀತೀಯ?”

“ಕಾಗದದಲ್ಲಿ ನಂದು. ಬಾಯಲ್ಲಿ ಕರೆಯೋಕೆ ಒಬ್ಬಳು ಬೇಡ್ವೇನೆ? ಸೌತೆಕಾಯಿ ಸಾರು ಮಾಡಿದೀನಿ, ಬಾ.”

ಅಳು ಒತ್ತರಿಸಿ ಬಂದಿತ್ತು, ಆ ದನಿ ಅವಳಿಗೆ ಕೇಳಬಾರದೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳು ಇನ್ನೂ ಜೋರಾಗಿ ಮತ್ತೊಮ್ಮೆ ಕೂಗಿದಳು.

“ಬಂದೆ ಮಾರಾಯ್ತಿ, ಬಂದೆ” ಎಂದು ಎದ್ದೆ.