ಮರಿಗೊಂದು ನ್ಯಾಯ, ಮಗಳಿಗೊಂದು ನ್ಯಾಯ

ಮಗಳು ಓದಲಿ ಎಂದು ಗಂಡನಿಗೆ ಹೇಳಿ ಹೇಳಿ ವರದಮ್ಮನ ಗಂಟಲು ಒಣಗಿತ್ತು. ಹೊಸಬಾಳೆಯಲ್ಲಿ ಕುರಿ ಸಾಕಿಕೊಂಡಿರುವ ಮನೆ ಅವರದು. ಕೊಯ್ಲು ಮುಗಿದರೆ ಗಂಡ ಸಣ್ಣಬೀರಪ್ಪ ಮಂದೆ ಹೊಡೆದುಕೊಂಡು ಅಂಜನಾಪುರದ ಕಡೆ ಹೋಗಿ, ಗೊಬ್ಬರಕ್ಕೆಂದು ರೈತರ ಗದ್ದೆಗಳಲ್ಲಿ ರಾತ್ರಿ ಹೊತ್ತು ಕುರಿ ತರುಬಿ ನಿಲ್ಲಿಸುತ್ತಾನೆ. ಈ ಸಲ ಮಗಳು ಪವಿತ್ರಳನ್ನೂ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದ. ಹುಡುಗಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಉಳಿದದ್ದೆಲ್ಲ ಪಾಸು.

“ಅವಳ ತಲೆಗೆ ಓದು ಹತ್ತಲ್ಲ ಬಿಡು,” ಎಂದ ಸಣ್ಣಬೀರಪ್ಪ. ತಾಯಿ ಒದ್ದು ಓಡಿಸಿದ ಮರಿಯೊಂದನ್ನು ಬೇರೆ ಕುರಿಯ ಕೆಚ್ಚಲಿಗೆ ಹಿಡಿದು ಹಾಲು ಕುಡಿಸುತ್ತಿದ್ದ.

“ಓದು ಹತ್ತಲ್ವಾ? ಮತ್ತೆ ಐದು ವಿಷಯ ಪಾಸ್ ಮಾಡಿದ್ದು ಯಾರ್ರೀ, ನಿಮ್ಮ ಟಗರಾ?”

ಪವಿತ್ರ ಪ್ರಯಾಣಕ್ಕೆಂದು ಅಪ್ಪನದೂ ತನ್ನದೂ ಕಂಬಳಿ ಮಡಚುತ್ತಿದ್ದಳು. ಐಟಿಐ ಸೇರಿ ಕಂಪ್ಯೂಟರ್ ಕಲಿಯಬೇಕೆಂಬ ಆಸೆ ಅವಳದು. ಆ ಕೋರ್ಸಿಗೆ ಹತ್ತನೇ ತರಗತಿ ಪಾಸಾಗಿರಲೇಬೇಕು. ಅವಳ ಮುಖ ನೋಡಿದ ವರದಮ್ಮ ಅಲ್ಲಿ ನಿಲ್ಲಲಿಲ್ಲ. ನೇರ ಹೋಗಿ ಪಕ್ಕದ ಬೀದಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಅಶ್ವಿನಿಯನ್ನು ಕೈಹಿಡಿದು ಕರೆತಂದಳು.

“ಬೀರಣ್ಣ, ಗಣಿತ ಇಲ್ದೇನೂ ಹತ್ತನೇ ಕ್ಲಾಸ್ ಪಾಸಾಗ್ಬಹುದು,” ಎಂದಳು ಅಶ್ವಿನಿ. “ರಾಷ್ಟ್ರೀಯ ಮುಕ್ತ ಶಾಲೆ ಅಂತ ಇದೆ, ಮನೇಲೇ ಓದ್ಕೊಂಡು ಪರೀಕ್ಷೆ ಬರೆಯೋದು. ಅಲ್ಲಿ ಗಣಿತ ಕಡ್ಡಾಯ ಅಲ್ಲ, ಗೃಹ ವಿಜ್ಞಾನನೋ ಇನ್ನೊಂದೋ ತಗೋಬಹುದು. ಈಗ ಪಾಸಾಗಿರೋದ್ರಲ್ಲಿ ಎರಡು ವಿಷಯದವರೆಗೆ ಅಂಕ ಅಲ್ಲಿಗೆ ಸೇರಿಸ್ಕೋತಾರೆ. ಉಳಿದದ್ದು ಒಂದೊಂದಾಗಿ ಬರೆದ್ರೂ ಸೈ, ಐದು ವರ್ಷ ಟೈಮ್ ಇರುತ್ತೆ.”

“ಮನೇಲಿ ಕೂತು ಪಾಸಾದ್ರೆ ಯಾರು ಬೆಲೆ ಕೊಡ್ತಾರೆ ಮೇಡಂ?” ಎಂದ ಸಣ್ಣಬೀರಪ್ಪ.

“ಪರೀಕ್ಷೆನ ಕೇಂದ್ರಕ್ಕೆ ಹೋಗೇ ಬರೀಬೇಕು. ಅದೂ ಹತ್ತನೇ ಪಾಸೇ. ಕೆಲವು ಕೋರ್ಸಿಗೆ ಗಣಿತ ಬೇಕು, ಅದನ್ನ ಮೊದ್ಲೇ ಕೇಳ್ಕೋಬೇಕು. ಪವಿತ್ರಂಗೆ ಬೇಕಾದ ಕೋರ್ಸಿಗೆ ಬೇಡ, ನಾನೇ ಫೋನ್ ಮಾಡಿ ಕೇಳಿದೀನಿ.”

“ಅದೆಲ್ಲ ಅಡ್ಡದಾರಿ,” ಎಂದು ಸಣ್ಣಬೀರಪ್ಪ ಮುಖ ತಿರುಗಿಸಿದ. ಕುರಿ ಒದೆಯುತ್ತಿತ್ತು, ಅವನು ಮಾತ್ರ ಮರಿಯನ್ನು ಕೆಚ್ಚಲಿನಿಂದ ಬಿಡಿಸಲಿಲ್ಲ.

ವರದಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. “ಆ ಮರಿಗೆ ಅದರ ತಾಯಿ ಹಾಲು ಕೊಡ್ಲಿಲ್ಲ ಅಂತ ಸಾಯಕ್ಕೆ ಬಿಟ್ರೇನ್ರೀ? ಬೇರೆ ಕುರಿ ಹುಡುಕಿದ್ರಿ. ಅದು ಅಡ್ಡದಾರಿ ಅಲ್ವಾ? ಮರಿಗೊಂದು ನ್ಯಾಯ, ಮಗಳಿಗೊಂದು ನ್ಯಾಯನಾ?”

ಸಣ್ಣಬೀರಪ್ಪ ಮರಿಯತ್ತ ನೋಡಿದ. ಮರಿಯ ಹೊಟ್ಟೆ ತುಂಬಿದ ಮೇಲೆ ಅದನ್ನು ಕೆಳಗೆ ಬಿಟ್ಟು, “ಪವಿತ್ರಾ, ನನ್ ಕಂಬಳಿ ಒಂದೇ ಸಾಕು. ನಿಂದು ಒಳಗಿಡು,” ಎಂದ. ಕೈ ಒರೆಸಿಕೊಳ್ಳುತ್ತಾ, “ನಾಳೆ ಮೇಡಂ ಜೊತೆ ಹೋಗಿ ಹೆಸರು ಕೊಡು.”

“ಇಷ್ಟು ಹೇಳಕ್ಕೆ ನನ್ನ ಗಂಟಲು ಹರೀಬೇಕಿತ್ತಾ!” ಎಂದಳು ವರದಮ್ಮ.

ಅಕ್ಕಂದಿರೇ, ಅಣ್ಣಂದಿರೇ, ಒಂದು ವಿಷಯಕ್ಕೆ ಸೋತು ಮೂಲೆ ಸೇರಿದ ಮಗು ನಿಮ್ಮ ಮನೆಯಲ್ಲೂ ಇದೆಯೇ? ಬೈದದ್ದು ಸಾಕು. ಹತ್ತಿರದ ಪ್ರೌಢಶಾಲೆಗೋ ಗ್ರಂಥಾಲಯಕ್ಕೋ ಹೋಗಿ ಮುಕ್ತ ಶಾಲೆಯ ವಿಚಾರ ಕೇಳಿ. ಕುರಿಮರಿಗಾಗಿ ಮಾಡುವಷ್ಟನ್ನು ಮಕ್ಕಳಿಗಾಗಿಯೂ ಮಾಡಿ.